ಕೆಂಪು ದಾರದ ಕುಂಡಗಳು

ಕುದುರೆ ಲದ್ದಿಯ ಚೀಲ ಹೊಸ್ತಿಲಿಗೆ ಬಂದ ದಿನ ಆ ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಜಗಳವಿಲ್ಲದೆ ಊಟ ನಡೆಯಿತು. ವಾಸನೆಯೇನೋ ಇತ್ತು. ಮೊಮ್ಮಗಳು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತುತ್ತು ಎತ್ತಿದಳು. ಆದರೆ ಮಗ ಮಾತಾಡುತ್ತಿದ್ದ, ಸೊಸೆ ತಲೆಯೆತ್ತಿ ಕೇಳುತ್ತಿದ್ದಳು. ಅಜ್ಜಿಗೆ ಅಷ್ಟೇ ಬೇಕಾಗಿತ್ತು.

"ಇದೊಂದೇ ಅಲ್ಲ, ಗುಡ್ಡೆಗಟ್ಟಲೆ ಬಿದ್ದಿದೆ ಲಾಯದಲ್ಲಿ," ಎಂದ ಮಗ. "ಎತ್ಕೊಂಡು ಹೋದ್ರೆ ಸಾಕು ಅಂತಾರೆ. ನಿಮ್ಮ ತೋಟಕ್ಕೆ ಎಷ್ಟು ಬೇಕು ಹೇಳು, ತರ್ತೀನಿ."

"ಎಷ್ಟಾದ್ರೂ ಬೇಕು," ಎಂದಳು ಸೊಸೆ. "ಆ ನೆಲದಲ್ಲಿ ಇಟ್ಟಿಗೆ ಚೂರು ಬಿಟ್ರೆ ಏನಿದೆ?"

"ಅಪ್ಪ ಇನ್ಮೇಲೆ ಲದ್ದಿ ಸಪ್ಲೈಯರ್," ಎಂದಳು ಮೊಮ್ಮಗಳು.

ಅಜ್ಜಿ ಮೇಜಿನ ಕೆಳಗೆ ಅವಳ ಕಾಲು ತುಳಿದಳು. ಆದರೆ ಮಗ ನಕ್ಕುಬಿಟ್ಟ. ಅವನು ನಕ್ಕದ್ದನ್ನು ನೋಡಿ ಅಜ್ಜಿ ನೀರು ಕುಡಿಯುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಜ್ಜಿ ಎಂದು ಕರೆಯುತ್ತಿದ್ದರು. ಹರೆಯದಿಂದ ಹಿಡಿದು ಮೊಣಕಾಲು ಕೈಕೊಡುವ ತನಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದವಳು. ಈಗಲೂ ಕರವಸ್ತ್ರದಲ್ಲಿ ಒಂದು ಸುಕ್ಕು ಕಂಡರೆ ಅವಳಿಗೆ ಅನ್ನ ಸೇರದು. ಗಂಡ ಬೇಗ ಹೋದ. ಇದ್ದ ಒಬ್ಬ ಮಗನನ್ನು ಸಾಕಿ, ಓದಿಸಿ, ಅವನು ಓದದಿದ್ದಾಗ ಬೈದು, ಕೊನೆಗೆ ಬಸ್ಸಿನ ಸ್ಟೀರಿಂಗ್ ಹಿಡಿಯುವಂತೆ ಮಾಡಿದ್ದಳು. ಖಾಕಿ ಅಂಗಿಗೆ ಅವಳೇ ಇಸ್ತ್ರಿ ಹಾಕಿಕೊಟ್ಟರೆ ಅವನು ಬೀದಿಯಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದ. ಆಮೇಲೆ ಕಂಪನಿಯ ಕಣ್ಣು ಪರೀಕ್ಷೆಯಲ್ಲಿ ಎಡಗಣ್ಣು ನಪಾಸಾಯಿತು. ಬಸ್ಸು ಹೋಯಿತು, ಖಾಕಿ ಹೋಯಿತು. ತಿಂಗಳಾನುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದ್ದವನಿಗೆ ಕೊನೆಗೆ ಊರಾಚೆಯ ಕುದುರೆ ಸವಾರಿ ಶಾಲೆಯಲ್ಲಿ ಲಾಯ ಗುಡಿಸುವ ಕೆಲಸ ಸಿಕ್ಕಿತು. ಬೀದಿಯವರು ಈಗಲೂ ಅವನನ್ನು 'ಡ್ರೈವರ್' ಎಂದೇ ಕೂಗುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಕೊಂಕು ಎಷ್ಟು ಎಂದು ಅವನು ಅಳೆಯುತ್ತಾ ಕೂರುತ್ತಿದ್ದ.

ಮನೆ ನಡೆಯುತ್ತಿದ್ದದ್ದು ಸೊಸೆಯ ದುಡಿಮೆಯಿಂದ. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಅವಳ ಕಾಲು ಬಾತುಕೊಳ್ಳುತ್ತಿತ್ತು. ಅಂಥವಳು ಭಾನುವಾರ ಮಲಗಿ ಸುಧಾರಿಸಿಕೊಳ್ಳುವುದು ಬಿಟ್ಟು ಗ್ರಂಥಾಲಯದಲ್ಲಿ ಯಾರೋ ಪುಕ್ಕಟೆಯಾಗಿ ಹೇಳಿಕೊಡುತ್ತಿದ್ದ, ನೆಲದ ಗುಣ ನೋಡಿ ಪ್ರಕೃತಿಗೆ ಒಗ್ಗುವಂತೆ ಬೆಳೆಯುವ ಪರ್ಮಾಕಲ್ಚರ್ ಪಾಠಕ್ಕೆ ಹೋಗತೊಡಗಿದಳು. ಬೀದಿಯ ಹಿಂದೆ ಕೆಡವಿ ಹಾಕಿದ ಗೋದಾಮಿನ ಜಾಗ ಖಾಲಿ ಬಿದ್ದಿತ್ತು. ನಗರಸಭೆಯ ಅನುಮತಿ ತಂದು, ಮನೆಮನೆಗೆ ಹೋಗಿ ಜನ ಸೇರಿಸಿ, ಅಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯುವುದು ಎಂದು ನಿಶ್ಚಯಿಸಿದ್ದು ಅವಳೇ. ಮೊದಲು ಒಂದಿಡೀ ಮಳೆಗಾಲ ಅಲ್ಲಿ ಏನನ್ನೂ ನೆಡಲು ಬಿಡದೆ ನೀರು ಎಲ್ಲಿ ಹರಿಯುತ್ತದೆ, ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡುತ್ತಾ ನಿಂತಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದ್ದೀನಿ, ಇವಳು ಕೂಸು ಹುಟ್ಟಿದ್ಮೇಲೂ ಹೊಲಿಬೇಡಿ ಅಂತಾಳಲ್ಲ," ಎಂದು ಬೀದಿಯ ಟೈಲರಮ್ಮ ನಕ್ಕಿದ್ದಳು. ಆಮೇಲೆ ಇಳಿಜಾರಿಗೆ ಅಡ್ಡವಾಗಿ ಕಾಲುವೆ ತೋಡಿಸಿದಳು, ಹಳೆಯ ರಟ್ಟಿನ ಡಬ್ಬಗಳನ್ನು ಬಿಡಿಸಿ ನೆಲಕ್ಕೆ ಹಾಸಿ ಕಳೆ ಉಸಿರಾಡದಂತೆ ಮಾಡಿದಳು, ಪಕ್ಕದ ಕಟ್ಟಡದ ತಾರಸಿಯ ನೀರನ್ನು ಪೀಪಾಯಿಗೆ ಇಳಿಸಿದಳು. ಮನೆಯಲ್ಲಿ ಮೊಟ್ಟೆ ಚಿಪ್ಪು, ಚಹಾ ಚರಟ ಯಾವುದೂ ಕಸದ ಬುಟ್ಟಿಗೆ ಹೋಗುವ ಹಾಗಿರಲಿಲ್ಲ.

"ಈ ಮನೇಲಿ ನಾನೊಬ್ಳೇ ಗೊಬ್ಬರ ಆಗ್ದೆ ಉಳಿದಿರೋದು," ಎಂದು ಅಜ್ಜಿ ಗೊಣಗುತ್ತಿದ್ದಳು. ಆದರೆ ಚರಟವನ್ನು ಮರೆಯದೆ ಬಕೆಟ್ಟಿಗೆ ಹಾಕುತ್ತಿದ್ದಳು.

ತೋಟಕ್ಕೆ ಬೇಕಾಗಿದ್ದದ್ದು ಗೊಬ್ಬರವೊಂದೇ. ಅದು ಮಗನ ಕೈಯಲ್ಲಿ ಬಂತು. ಎರಡು ವಾರದೊಳಗೆ ಲಾಯದ ಗಾಡಿಯನ್ನೇ ಕೇಳಿಕೊಂಡು ತೋಟದ ಮೂಲೆಯಲ್ಲಿ ಆಳೆತ್ತರದ ರಾಶಿ ಹಾಕಿಸಿದ. ತೋಟದ ಹಿರಿಯನಂತಿದ್ದ ಕ್ಷೌರದಂಗಡಿಯವನು ಎಲ್ಲರೆದುರು ಅವನ ಬೆನ್ನು ತಟ್ಟಿ, "ಡ್ರೈವರ್ ಸಾಹೇಬ್ರು ಗೊಬ್ಬರ ಇಲಾಖೆ ಮಂತ್ರಿ," ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಮರುದಿನ ಮಗ ಗಡ್ಡ ಬೋಳಿಸಿಕೊಂಡ. ಅಮ್ಮ ಇಸ್ತ್ರಿ ಮಾಡಿಟ್ಟ ಅಂಗಿ ಹಾಕಿಕೊಂಡು ಲದ್ದಿ ಎತ್ತಲು ಹೋದ.

ತಕರಾರು ಶುರುವಾದದ್ದು ಸೊಸೆ ಕಪಾಟಿನಿಂದ ಆರು ಮಣ್ಣಿನ ಕುಂಡ ಇಳಿಸಿದಾಗ.

"ಏನಿದು?" ಎಂದ ಮಗ.

"ಪರೀಕ್ಷೆ. ಮೂರರಲ್ಲಿ ಬರೀ ಮಣ್ಣು. ಮೂರರಲ್ಲಿ ಮಣ್ಣಿಗೆ ನಿಮ್ಮ ಗೊಬ್ಬರ ಕಲಸೋದು. ಆರಕ್ಕೂ ಹುರುಳಿಕಾಯಿ ಬೀಜ ಹಾಕೋದು. ಮೂರು ವಾರ ನೋಡೋದು."

"ಯಾಕೆ? ನನ್ನ ಗೊಬ್ಬರಕ್ಕೇನು ರೋಗ?"

"ರೋಗ ಅಂದ್ನಾ? ಕೆಲವು ಹುಲ್ಲುಗಾವಲಿಗೆ ಕಳೆ ಸಾಯೋ ಔಷಧಿ ಹೊಡೀತಾರಂತೆ. ಆ ಹುಲ್ಲು ತಿಂದ್ರೆ ಕುದುರೆಗೇನೂ ಆಗಲ್ಲ, ಆದ್ರೆ ಔಷಧಿ ಲದ್ದೀಲಿ ಹಾಗೇ ಉಳಿಯುತ್ತಂತೆ. ಅದನ್ನ ತೋಟಕ್ಕೆ ಹಾಕಿದ್ರೆ ಹುರುಳಿಕಾಯಿ, ಟೊಮೆಟೊ, ಆಲೂಗಡ್ಡೆ ಎಲ್ಲಾ ಮುರುಟಿ ಹೋಗುತ್ತೆ. ಒಂದು ಸಲ ಮಣ್ಣಿಗೆ ಸೇರಿದ್ರೆ ವರ್ಷಗಟ್ಲೆ ಬಿಡಲ್ಲ. ಅವರಿಗೆ ಹುಲ್ಲು ಎಲ್ಲಿಂದ ಬರುತ್ತೆ ಅಂತ ಕೇಳಿ ನೋಡಿ."

"ಅದನ್ನ ಆವತ್ತೇ ಸುಮ್ನೆ ಕೇಳಿದ್ದೆ. ಲಾಯದ ಮೇಸ್ತ್ರಿ ನಕ್ಕ. ಲದ್ದಿ ಎತ್ತೋನಿಗೆ ಹುಲ್ಲಿನ ಚರಿತ್ರೆ ಯಾಕಯ್ಯ ಅಂದ." ಮಗನ ದನಿ ಏರಿತು. "ಕಂಪನಿಯೋರು ಕಣ್ಣು ಪರೀಕ್ಷೆ ಮಾಡಿದ್ರು. ಈಗ ನೀನು ಲದ್ದಿ ಪರೀಕ್ಷೆ ಮಾಡು. ಇನ್ನೇನು ಉಳಿದಿದೆ ನಂದು ಪರೀಕ್ಷೆ ಮಾಡೋಕೆ?"

"ಅಪ್ಪಾ, ಲದ್ದಿ ನಿಂದಲ್ಲ, ಕುದುರೇದು," ಎಂದಳು ಮೊಮ್ಮಗಳು.

ತಟ್ಟೆ ಸರಿಸಿ ಅವನು ಎದ್ದುಹೋದ. ಸೊಸೆ ಮಾತು ಬೆಳೆಸಲಿಲ್ಲ. ಸಣ್ಣದಾಗಿ ಮಾಡಿ ನೋಡು, ಸರಿಬಂದರೆ ದೊಡ್ಡದಾಗಿ ಮಾಡು ಎನ್ನುವುದು ಅವಳ ಪಾಠದ ಒಂದು ಮಾತು. ಔಷಧಿ ಅಂಗಡಿಯ ಅಭ್ಯಾಸವೂ ಅದೇ. ಗೊಬ್ಬರದ ಕುಂಡಗಳ ಕುತ್ತಿಗೆಗೆ ಕೆಂಪು ದಾರ, ಬರೀ ಮಣ್ಣಿನವಕ್ಕೆ ಬಿಳಿ ದಾರ ಕಟ್ಟಿ ಅಜ್ಜಿಯ ಕೋಣೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು. ಮನೆಯಲ್ಲಿ ಬಿಸಿಲು ಬರುವುದು ಆ ಕಿಟಕಿಗೆ ಮಾತ್ರ.

"ಒಂದೊಂದರಲ್ಲಿ ಎರಡೆರಡು ಬೀಜ ಹಾಕಿದ್ದೀನಿ ಅತ್ತೆ. ಮೇಲೆ ಬಂದ್ಮೇಲೆ ಬಡಕಲು ಇರೋದನ್ನ ಕಿತ್ತುಹಾಕಿ ಒಂದೊಂದೇ ಉಳಿಸೋದು. ನೀರು ನೀವು ನೋಡ್ಕೋತೀರಾ? ನಿಮ್ಮಷ್ಟು ನೇಮ ನನಗಿಲ್ಲ."

"ಆಗಲಿ ಬಿಡೆ," ಎಂದಳು ಅಜ್ಜಿ. ಹೊಗಳಿಕೆ ಅವಳಿಗೆ ಹಿತವಾಗಿಯೇ ಇತ್ತು.

ಮೊಳಕೆ ಆರರಲ್ಲೂ ಒಡೆಯಿತು. ಅಜ್ಜಿ ದಿನಾ ಹಾಲಿಟ್ಟು ಬಂದು ಮೊದಲು ಅವನ್ನೇ ನೋಡುತ್ತಿದ್ದಳು. ಮಗ ಮುನಿಸಿನಲ್ಲಿದ್ದರೂ ಕೆಲಸಕ್ಕೆ ಹೊರಡುವ ಮುಂಚೆ ಯಾವುದೋ ನೆಪ ಮಾಡಿಕೊಂಡು ಅವಳ ಕೋಣೆಗೆ ಬಂದು ಕಿಟಕಿಯ ಕಡೆ ಕಣ್ಣು ಹಾಯಿಸಿ ಹೋಗುತ್ತಿದ್ದ.

"ಚೆನ್ನಾಗಿದೆಯಲ್ಲಮ್ಮ?"

"ಚೆನ್ನಾಗಿದೆ ಕಣೋ. ನಿನ್ನ ಗೊಬ್ಬರ ಬಂಗಾರ."

ಒಂದು ಬೆಳಗ್ಗೆ ಹಾಲಿಟ್ಟು ಬಂದು ನೋಡಿದರೆ ಕೆಂಪು ದಾರದ ಮೂರೂ ಕುಂಡಗಳಲ್ಲಿ ಹೊಸ ಎಲೆಯ ಅಂಚು ಒಳಕ್ಕೆ ಸುರುಳಿ ಸುತ್ತಿಕೊಂಡಿತ್ತು. ಇಸ್ತ್ರಿ ಪೆಟ್ಟಿಗೆ ಹೆಚ್ಚು ಕಾದಾಗ ನೈಲಾನ್ ಬಟ್ಟೆ ಮುದುಡುತ್ತದಲ್ಲ, ಹಾಗೆ. ಬೆರಳಿನಿಂದ ಬಿಡಿಸಿದರೂ ಮತ್ತೆ ಮಡಚಿಕೊಂಡಿತು. ಬಿಳಿ ದಾರದವು ಅಂಗೈ ಚಾಚಿದಂತೆ ಅಗಲವಾಗಿ ನಿಂತಿದ್ದವು.

ಸೊಸೆ ಇನ್ನೂ ಎದ್ದಿರಲಿಲ್ಲ. ಬಚ್ಚಲಿನಲ್ಲಿ ಮಗ ಮುಖ ತೊಳೆಯುತ್ತಾ ಯಾವುದೋ ಹಾಡು ಗುನುಗುತ್ತಿದ್ದ. ಈ ಎಲೆಯನ್ನು ಅವನು ನೋಡಿದರೆ ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಕ್ಷೌರದಂಗಡಿಯವನು ಬೆನ್ನು ತಟ್ಟಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮಿಕ್ಕವರಿಗೆ ಅದು ಬರೀ ಗಾದೆ. ಅಜ್ಜಿ ಮಗ ಹೊರಗೆ ಹೋಗುವ ತನಕ ಕಿಟಕಿಗೆ ಅಡ್ಡ ನಿಂತಳು. ಸೊಸೆ ಅಂಗಡಿಗೆ, ಮೊಮ್ಮಗಳು ಶಾಲೆಗೆ ಹೋದ ಮೇಲೆ ಬಾಗಿಲ ಚಿಲಕ ಹಾಕಿದಳು.

ಕೆಂಪು ದಾರದ ಕುಂಡಗಳನ್ನು ಕಾಗದದ ಮೇಲೆ ಬೋರಲು ಹಾಕಿದಳು. ಮುರುಟಿದ ಸಸಿ, ಮಣ್ಣು, ಲದ್ದಿ ಎಲ್ಲವನ್ನೂ ಸುತ್ತಿ ಬೀದಿಯ ಕಸದ ತೊಟ್ಟಿಗೆ ಹಾಕಿ ಬಂದಳು. ಬಾಗಿಲ ಹಿಂದಿನ ಚೀಲದಿಂದ ಬರೀ ಮಣ್ಣು ತುಂಬಿದಳು. ಬಿಳಿ ದಾರದ ಕುಂಡಗಳಲ್ಲಿ ಎರಡೆರಡು ಸಸಿ ಇದ್ದವಲ್ಲ, ಒಂದೊಂದರಿಂದ ಬಡಕಲು ಸಸಿಯನ್ನು ಚಮಚದಿಂದ ಮೆಲ್ಲಗೆ ಎತ್ತಿ ಕೆಂಪು ದಾರದ ಕುಂಡಗಳಿಗೆ ಇಟ್ಟಳು. ಚಮಚ ತೊಳೆದಳು. ನೆಲ ಒರೆಸಿದಳು. ಮೂರು ಕುಂಡ ಏನು ಮಹಾ, ಎಂದುಕೊಂಡಳು. ಇಷ್ಟು ದೊಡ್ಡ ತೋಟ, ಮಳೆ ಬರುತ್ತೆ, ತೊಳೆದುಕೊಂಡು ಹೋಗುತ್ತೆ.

ಸಂಜೆ ಸೊಸೆ ಬಗ್ಗಿ ನೋಡಿದಳು.

"ಒಂದೊಂದೇ ಇದೆಯಲ್ಲ ಅತ್ತೆ?"

"ಬಡಕಲು ಇದ್ದದ್ದನ್ನ ನಾನೇ ಕಿತ್ತೆ ಕಣೆ. ನೀನೇ ಹೇಳಿದ್ದೆಯಲ್ಲ."

"ಕೆಂಪಿನವು ಸ್ವಲ್ಪ ಸಣ್ಣ ಅನ್ಸುತ್ತೆ."

"ಸಣ್ಣಗಿದ್ರೇನು, ಎಲೆ ನೋಡು ಎಷ್ಟು ಸಪಾಟಾಗಿದೆ. ನಾನು ಇಸ್ತ್ರಿ ಹಾಕಿದ ಹಾಗೆ."

ಸೊಸೆ ನಕ್ಕಳು. ಮೂರು ವಾರ ತುಂಬುವ ತನಕ ಕಾದು, ಆಮೇಲೆ ಗಂಡನ ಎದುರು ನಿಂತು, "ತಪ್ಪಾಯ್ತು. ನಿಮ್ಮ ಗೊಬ್ಬರ ಪಾಸು," ಎಂದಳು. ಅವನು ಆ ರಾತ್ರಿ ಊಟಕ್ಕೆ ಎರಡನೇ ಸಲ ಬಡಿಸಿಕೊಂಡ. ಅಜ್ಜಿ ತನ್ನ ಪಾಲಿನ ಮೊಟ್ಟೆಯನ್ನೂ ಅವನ ತಟ್ಟೆಗೇ ಹಾಕಿದಳು.

ಭಾನುವಾರ ಬೀದಿಗೆ ಬೀದಿಯೇ ತೋಟದಲ್ಲಿತ್ತು. ಡ್ರೈವರ್ ರಾಶಿಯ ಮೇಲೆ ನಿಂತು ಯಾರ ಪಾತಿಗೆ ಎಷ್ಟು ಬುಟ್ಟಿ ಎಂದು ಕೂಗುತ್ತಿದ್ದ. ಬುಟ್ಟಿ ಹಿಡಿದವರು ಸಾಲುಗಟ್ಟಿದ್ದರು. ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದವಳು ಟೈಲರಮ್ಮ. ಗಂಡ ಬಿಟ್ಟುಹೋದ ಮೇಲೆ ಮೂರು ಮಕ್ಕಳನ್ನು ಹೊಲಿಗೆಯಲ್ಲೇ ಸಾಕುತ್ತಿದ್ದವಳು. ಬೆಳೆ ಬಂದರೆ ಮಾರಬಹುದು ಎಂದು ಬಟ್ಟೆ ಕಾರ್ಖಾನೆಯಿಂದ ಮನೆಗೆ ತಂದು ಹೊಲಿಯುತ್ತಿದ್ದ ಮೂಟೆಗಳನ್ನು ಬೇಡವೆಂದು ವಾಪಸು ಕಳಿಸಿಬಿಟ್ಟಿದ್ದಳು.

"ನಿಮ್ಮ ಮಗನ ಕೈಗುಣ ಅಜ್ಜಿ. ನನ್ನ ಟೊಮೆಟೊ ಮೊದಲು ನಿಮ್ಮನೆಗೇ," ಎಂದಳು ಟೈಲರಮ್ಮ.

ಅಜ್ಜಿ ಹೂಂಗುಟ್ಟಿದಳು. ಒಂದು ಬುಟ್ಟಿ ಅವಳ ಕಾಲ ಪಕ್ಕದಲ್ಲೇ ಇತ್ತು. ಅದರಲ್ಲಿ ಲದ್ದಿಗಿಂತ ಹುಲ್ಲೇ ಹೆಚ್ಚು ಕಾಣುತ್ತಿತ್ತು. ಈಗ ಹೇಳಿದರೆ ಒಂದು ಬುಟ್ಟಿಯೂ ಸುರಿಯುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಅಷ್ಟರಲ್ಲಿ ಮಗ ರಾಶಿಯ ಮೇಲಿಂದ, "ಅಮ್ಮಾ, ಬಿಸಿಲಲ್ಲಿ ನಿಲ್ಬೇಡ, ಆ ಕಡೆ ಕೂತ್ಕೋ," ಎಂದ. ಅವಳು ಹೋಗಿ ನೆರಳಿನಲ್ಲಿ ಕೂತಳು.

ಮೊದಲು ಮುರುಟಿದ್ದು ಟೈಲರಮ್ಮನ ಟೊಮೆಟೊ. ನೀರು ಸಾಲದೇನೋ ಎಂದು ಅವಳು ಇನ್ನಷ್ಟು ಹೊತ್ತು ಹಾಕಿದಳು. ಆಮೇಲೆ ಕ್ಷೌರದಂಗಡಿಯವನ ಆಲೂಗಡ್ಡೆ, ಆಮೇಲೆ ಹುರುಳಿಕಾಯಿ. ತುದಿ ಕೊಕ್ಕೆಯಂತೆ ಬಾಗಿ, ಕಾಂಡ ತಿರುಚಿ, ಹೂವು ಕಟ್ಟದೆ ನಿಂತವು. ಮುಸುಕಿನ ಜೋಳ ಮಾತ್ರ ಏನೂ ಆಗದಂತೆ ದಷ್ಟಪುಷ್ಟವಾಗಿ ಬೆಳೆಯುತ್ತಿತ್ತು. ಅದನ್ನು ನೋಡಿಯೇ ಸೊಸೆಗೆ ಖಾತ್ರಿಯಾಯಿತು. ಆ ಕಳೆಯೌಷಧಿ ಜೋಳದ ತಂಟೆಗೆ ಹೋಗುವುದಿಲ್ಲ ಎಂದು ಪಾಠದಲ್ಲಿ ಹೇಳಿದ್ದರು. ಮಗ ಲಾಯದಲ್ಲಿ ಹುಲ್ಲು ಇಳಿಸಲು ಬಂದವನನ್ನೇ ಹಿಡಿದು ಕೇಳಿದ. "ಹೊಡೀದೇ ಇರ್ತೀವಾ? ಇಲ್ದಿದ್ರೆ ಹುಲ್ಲಿಗಿಂತ ಕಳೆನೇ ಜಾಸ್ತಿ ಬರುತ್ತೆ," ಎಂದನಂತೆ ಅವನು.

"ಪರೀಕ್ಷೆಲಿ ಏನೂ ಆಗ್ಲಿಲ್ವಲ್ಲ," ಎಂದು ಸೊಸೆ ಅನ್ನ ಬಡಿಸುತ್ತಾ ಹೇಳಿದಳು. ಪಾತ್ರೆ ತೊಳೆಯುತ್ತಾ ಹೇಳಿದಳು. ಮಲಗುವ ಮುಂಚೆ ಬಾಗಿಲು ಹಾಕುತ್ತಾ ಹೇಳಿದಳು. "ನಾನೆಲ್ಲಿ ತಪ್ಪಿದೆ?"

"ನೀನೇ ತಪ್ಪಿದ್ದು ಅಂತ ಒಪ್ಕೋ ಮೊದ್ಲು," ಎಂದ ಮಗ, ಒಂದು ದಿನ ಊಟಕ್ಕೆ ಕೂತಾಗ. "ಪಾಸು ಅಂದೋಳು ನೀನು. ಈಗ ಬೀದಿಲಿ ಮುಖ ಎತ್ಕೊಂಡು ಓಡಾಡೋಕಾಗ್ತಿಲ್ಲ ನಂಗೆ. ಮಂತ್ರಿಗಳೇ ಅಂತಾರೆ."

"ಅಮ್ಮ ಪರೀಕ್ಷೆ ಮಾಡ್ತೀನಿ ಅಂದಾಗ ತಟ್ಟೆ ಬಿಟ್ಟು ಎದ್ದೋನು ಯಾರು?" ಎಂದಳು ಮೊಮ್ಮಗಳು.

"ನೀನು ಬಾಯಿ ಮುಚ್ಚು!"

"ಊಟದ ಹೊತ್ನಲ್ಲಿ ಬೇಡ ಕಣ್ರೋ," ಎಂದಳು ಅಜ್ಜಿ.

ಮರುದಿನ ಸಂಜೆ ಸೊಸೆ ಅಂಗಡಿಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ಅಜ್ಜಿಯ ಕೋಣೆಗೆ ಬಂದಳು. ಕಿಟಕಿಯಲ್ಲಿ ಆ ಹುರುಳಿಕಾಯಿ ಗಿಡಗಳು ಇನ್ನೂ ಇದ್ದವು, ಕಾಯಿ ಕೂಡ ಬಿಟ್ಟಿದ್ದವು. ಕೆಂಪು ದಾರದ ಕುಂಡವೊಂದನ್ನು ಎತ್ತಿಕೊಂಡು ಹೋಗಿ ಬಚ್ಚಲಿನಲ್ಲಿ ಬೋರಲು ಹಾಕಿ ಬೇರು ಬಿಡಿಸಿ ನೋಡಿದಳು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಅಜ್ಜಿ ಮಂಚದ ಮೇಲೆ ಕೂತು ಮಡಚಿದ ಟವೆಲನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದಳು.

"ಅತ್ತೆ, ಈ ಕುಂಡಗಳನ್ನ ಯಾರಾದ್ರೂ ಮುಟ್ಟಿದ್ರಾ?"

"ಯಾರು ಮುಟ್ತಾರೆ? ನಾನೇ ತಾನೇ ನೀರು ಹಾಕ್ತಿದ್ದದ್ದು."

"ಬೇರೆ ಯಾರೂ ಇಲ್ವಾ?"

"ಇಲ್ಲ ಅಂದ್ನಲ್ಲ."

ಸೊಸೆ ಬಾಗಿಲಲ್ಲಿ ನಿಂತೇ ಕೇಳುತ್ತಿದ್ದಳು. ಕೈಯೆಲ್ಲ ಮಣ್ಣಾಗಿತ್ತು. "ಸರಿ," ಎಂದು ಹೋಗಿ ಕುಂಡಗಳನ್ನು ತೊಳೆದು ಕಪಾಟಿನ ಮೇಲಿಟ್ಟಳು. ಅಜ್ಜಿಗೆ ಉಸಿರು ಬಂತು. ಗಂಡಾಂತರ ಕಳೆಯಿತು ಎಂದುಕೊಂಡಳು.

ಮುಂದಿನ ಭಾನುವಾರ ತೋಟದಲ್ಲಿ ಸಭೆ ಸೇರಿತು. ಮುರುಟಿದ ಗಿಡಗಳನ್ನೆಲ್ಲ ಕಿತ್ತು ಒಂದು ಕಡೆ ಒಟ್ಟಿದ್ದರು. ಒಂದೊಂದು ಮನೆಯವರು ಒಂದೊಂದು ಮಾತೆಂದರು. ಎರಡು ವರ್ಷ ಇಲ್ಲಿ ತರಕಾರಿ ಆಗುವುದಿಲ್ಲವಂತೆ ಎಂದು ಯಾರೋ, ನಗರಸಭೆಯವರು ಜಾಗ ವಾಪಸು ಕೇಳಿದರೆ ಏನು ಹೇಳುವುದು ಎಂದು ಇನ್ಯಾರೋ. ಟೈಲರಮ್ಮ ಬೈಯಲಿಲ್ಲ. "ಕಾರ್ಖಾನೆಯೋರು ಮತ್ತೆ ಮೂಟೆ ಕೊಡಲ್ಲ ಅಂದ್ರು," ಎಂದಷ್ಟೇ ಹೇಳಿ ಕೂತಳು. ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಕ್ಷೌರದಂಗಡಿಯವನು ಗಂಟಲು ಸರಿಮಾಡಿಕೊಂಡ. "ಡ್ರೈವರೇ, ನಿಮ್ಮ ಮಾತೇನು?"

ಮಗ ಎದ್ದು ನಿಂತ. ಅಂಗಿಯ ಮಡಿಕೆ ಮುರಿದಿರಲಿಲ್ಲ. ಅಜ್ಜಿ ಬೆಳಗ್ಗೆ ತಾನೇ ಇಸ್ತ್ರಿ ಹಾಕಿ ಕೊಟ್ಟಿದ್ದಳು.

"ನನ್ನದೇನಿದೆ? ನಾನು ಲದ್ದಿ ಹೊತ್ತೋನು ಅಷ್ಟೆ. ಓದಿಲ್ಲ, ಪಾಠಕ್ಕೆ ಹೋಗಿಲ್ಲ. ಪರೀಕ್ಷೆ ಮಾಡಿ ಹಾಕಬಹುದು ಅಂದೋಳು ಇವಳು. ಇವಳನ್ನೇ ಕೇಳಿ."

ಎಲ್ಲರೂ ಸೊಸೆಯ ಕಡೆ ತಿರುಗಿದರು. ಸೊಸೆ ಅಜ್ಜಿಯ ಕಡೆ ನೋಡಿದಳು. ಹೇಳಿಬಿಡಬೇಕು ಎಂದು ಅಜ್ಜಿ ಊರುಗೋಲು ಒತ್ತಿಕೊಂಡು ಅರ್ಧ ಎದ್ದದ್ದೂ ನಿಜ. ಅವಳ ಕಣ್ಣಿಗೆ ಬಿದ್ದದ್ದು ಮಗನ ಮುಖ. ಎಡಗಣ್ಣು ಸ್ವಲ್ಪ ಕಿರಿದಾಗಿ, ಬೆದರಿದ ಮಗುವಿನಂತೆ, ಯಾರೂ ತನ್ನನ್ನು ಕೇಳದಿರಲಿ ಎಂದು ಬೇಡುತ್ತಿದ್ದ ಮುಖ. ಅವಳು ಮತ್ತೆ ಕೂತಳು.

"ಪರೀಕ್ಷೆ ನನ್ನದೇ," ಎಂದಳು ಸೊಸೆ. "ಜವಾಬ್ದಾರಿನೂ ನನ್ನದೇ."

"ಹಾಗಾದ್ರೆ ಬೀಗದ ಕೈ ಕೊಟ್ಬಿಡಮ್ಮ. ಬೇಜಾರಾಗ್ಬೇಡ. ಜನಕ್ಕೆ ನಂಬಿಕೆ ಹೋಗಿದೆ," ಎಂದ ಕ್ಷೌರದಂಗಡಿಯವನು.

ಸಲಕರಣೆ ಶೆಡ್ಡಿನ ಬೀಗದ ಕೈಯನ್ನು ಅವಳು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಮಗ ಆಗಲೇ ಗೇಟು ದಾಟಿ ಹೋಗಿದ್ದ. ಅತ್ತೆ ಸೊಸೆ ಇಬ್ಬರೇ ಬೀದಿಯುದ್ದಕ್ಕೂ ನಡೆದು ಬಂದರು. ಸೊಸೆ ಎಂದಿನಂತೆ ಅಜ್ಜಿಯ ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ಹೆಜ್ಜೆ ಇಡುತ್ತಿದ್ದಳು.

"ನೀವು ಹೇಳ್ತೀರಿ ಅಂದ್ಕೊಂಡಿದ್ದೆ ಅತ್ತೆ," ಎಂದಳು.

ಅಜ್ಜಿ ನಿಂತುಬಿಟ್ಟಳು.

"ಲದ್ದಿ ಕಲಸಿದ ಮಣ್ಣಲ್ಲಿ ಹುಲ್ಲಿನ ಒಂದೆಳೆನೂ ಇರ್ಲಿಲ್ಲ. ಮೂರೂ ಕುಂಡ ಬಿಡಿಸಿ ನೋಡ್ದೆ."

"ಗೊತ್ತಿದ್ದೂ ಸುಮ್ನಿದ್ಯಾ? ನನ್ನ ಕೇಳ್ಬಾರದಿತ್ತಾ?"

"ಕೇಳಿದ್ನಲ್ಲ."

ಕೇಳಿದ್ದಳು. ಎರಡು ಸಲ ಕೇಳಿದ್ದಳು. ಅಜ್ಜಿ ಯಾರದೋ ಮನೆಯ ಕಟ್ಟೆಯ ಮೇಲೆ ಕೂತಳು.

"ಅಲ್ಲಿ ನೀನೇ ಹೇಳ್ಬಹುದಿತ್ತಲ್ಲೇ. ಅಷ್ಟು ಜನರ ಮುಂದೆ ಬೈಸ್ಕೊಂಡೆಯಲ್ಲ."

"ನಾನು ಹೇಳಿದ್ರೆ ಯಾರು ನಂಬ್ತಾರೆ? ತನ್ನ ತಪ್ಪು ಮುಚ್ಕೊಳ್ಳೋಕೆ ವಯಸ್ಸಾದ ಅತ್ತೆ ಮೇಲೆ ಗೂಬೆ ಕೂರಿಸಿದ್ಲು ಅಂತಾರೆ. ಅದನ್ನ ನೀವೇ ಹೇಳ್ಬೇಕಾಗಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅಜ್ಜಿಗೆ ಎಷ್ಟೋ ಹಗುರವಾಗುತ್ತಿತ್ತು. "ಏಳಿ. ಮೊಣಕಾಲು ಹಿಡ್ಕೊಳ್ಳುತ್ತೆ."

ಆ ದಿನ ಊಟಕ್ಕೆ ಕೂತಾಗ ಅಜ್ಜಿ ಮಗನ ಎದುರು ಎಲ್ಲವನ್ನೂ ಹೇಳಿದಳು. ಚಮಚದ ವಿಷಯ, ಕಸದ ತೊಟ್ಟಿಯ ವಿಷಯ, ಯಾವುದನ್ನೂ ಬಿಡಲಿಲ್ಲ. ಮಗ ಕೈಯನ್ನು ತಟ್ಟೆಯಲ್ಲೇ ಇಟ್ಟುಕೊಂಡು ಕೇಳಿದ. ಹೆಂಡತಿಯ ಮುಖ ನೋಡಲಿಲ್ಲ.

"ನಾಳೆ ಬೀದಿಯೋರಿಗೆಲ್ಲ ಹೇಳ್ತೀನಿ ಕಣೋ," ಎಂದಳು ಅಜ್ಜಿ.

"ಏನೂ ಬೇಡ."

"ಬೇಡ ಅಂದ್ರೆ?"

"ಆದದ್ದು ಆಯ್ತು. ಬೀಗದ ಕೈ ಕೊಟ್ಟಾಯ್ತು, ಎಲ್ಲಾ ತಣ್ಣಗಾಯ್ತು. ಈಗ ಅದನ್ನ ಮತ್ತೆ ಕೆದಕಿದ್ರೆ? ಅಮ್ಮ ಮಗನ ಲದ್ದಿ ಬಚ್ಚಿಟ್ಟು ಕಾಪಾಡಿದ್ಲು ಅಂತ ಊರೆಲ್ಲ ನಗಲ್ವಾ? ನನ್ನ ಮುಖಕ್ಕೆ ಏನು ಉಳಿಯುತ್ತೆ?"

"ಅಮ್ಮನ ಮುಖಕ್ಕೆ ಏನು ಉಳಿಯಿತು ಅಪ್ಪಾ?" ಎಂದಳು ಮೊಮ್ಮಗಳು. ಈ ಸಲ ಅವಳ ಮಾತಿನಲ್ಲಿ ತಮಾಷೆ ಇರಲಿಲ್ಲ.

ಸೊಸೆ ಎದ್ದು ಎಲ್ಲರ ತಟ್ಟೆಗೂ ಇನ್ನೊಂದಿಷ್ಟು ಬಡಿಸಿದಳು. ಗಂಡನ ತಟ್ಟೆಯನ್ನೂ ಬಿಡಲಿಲ್ಲ. ಅಜ್ಜಿ ಮಗನನ್ನು ನೋಡುತ್ತಾ ಕೂತಳು. ಈ ಮುಖವನ್ನು ಉಳಿಸಲು ತಾನು ಏನೆಲ್ಲ ಮಾಡಿದೆ ಎಂದು ಅವಳಿಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಅವನ ಲೋಟದಲ್ಲಿ ನೀರು ಮುಗಿದದ್ದು ಕಂಡು ಅವಳ ಕೈ ತಾನಾಗಿ ತಂಬಿಗೆಗೆ ಹೋಯಿತು.

ಬೆಳಗಾದ ಮೇಲೆ ಅವಳು ಮೊದಲು ಹೋದದ್ದು ಟೈಲರಮ್ಮನ ಮನೆಗೆ. ಟೈಲರಮ್ಮ ಹೊಲಿಗೆ ಯಂತ್ರದ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿ ಕೊನೆಯ ತನಕ ಕೇಳಿದಳು. ಕೇಳಿ ಮುಗಿದ ಮೇಲೆ ಎದ್ದು ಬಂದು ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು.

"ಅಜ್ಜಿ, ನನ್ನತ್ತೆ ನನ್ನ ಗಂಡ ಓಡಿಹೋದದ್ದಕ್ಕೂ ನನ್ನನ್ನೇ ಬೈದ್ಲು. ನೀವು ನೋಡಿದ್ರೆ ಸೊಸೆ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರಿ."

"ಅಯ್ಯೋ, ತಪ್ಪು ನಂದೇ ಕಣಮ್ಮ! ಈ ಕೈಯಲ್ಲೇ ಕಿತ್ತಿದ್ದು. ಚಮಚದಲ್ಲಿ."

"ಇರಲಿ ಬಿಡಿ ಅಜ್ಜಿ. ನಾನೇನೂ ಅವಳ ಮೇಲೆ ಹಗೆ ಸಾಧಿಸಲ್ಲ. ನಿಮ್ಮ ಮುಖ ನೋಡಿ ಬಿಟ್ಟೆ ಅಂತ ಹೇಳಿ."

ಕ್ಷೌರದಂಗಡಿಯಲ್ಲಿ ಒಬ್ಬನ ಕೆನ್ನೆಯ ತುಂಬ ನೊರೆಯಿತ್ತು. ಇನ್ನಿಬ್ಬರು ಬೆಂಚಿನ ಮೇಲೆ ಕಾಯುತ್ತಿದ್ದರು. ಅಜ್ಜಿ ಅವರೆಲ್ಲರ ಎದುರೇ ಮೊದಲಿನಿಂದ ಹೇಳಿದಳು. ಕ್ಷೌರದಂಗಡಿಯವನು ಕತ್ತಿಯನ್ನು ಕೆಳಗಿಟ್ಟು ಕೇಳಿದ. ಒಂದು ಕ್ಷಣ ಅವನು ನಂಬಿದ ಹಾಗೇ ಕಂಡಿತು. ಹುಬ್ಬು ಗಂಟಿಕ್ಕಿ, ಬೀಗದ ಕೈ ಇದ್ದ ಡ್ರಾಯರಿನ ಕಡೆ ನೋಡಿದ.

ಅಷ್ಟರಲ್ಲಿ ಮಗ ಬಂದ. ಕೆಲಸಕ್ಕೆ ಹೊರಟವನು ಅಮ್ಮ ಒಳಗಿರುವುದನ್ನು ರಸ್ತೆಯಿಂದಲೇ ಕಂಡಿದ್ದ.

"ಡ್ರೈವರೇ, ಅಮ್ಮ ಏನೋ ಹೇಳ್ತಿದ್ದಾರಲ್ಲ?" ಎಂದ ಕ್ಷೌರದಂಗಡಿಯವನು.

ಮಗ ಅಜ್ಜಿಯ ಭುಜದ ಮೇಲೆ ಕೈಯಿಟ್ಟ. ಮೆದುವಾಗಿಯೇ ಇಟ್ಟ.

"ನಿನ್ನೆಯಿಂದ ಹೀಗೇ ಅಂತಿದ್ದಾಳೆ. ವಯಸ್ಸಾಯ್ತಲ್ಲ. ಸೊಸೆ ಅಂದ್ರೆ ಪ್ರಾಣ ಇವಳಿಗೆ. ಅವಳಿಗೆ ಕೆಟ್ಟ ಹೆಸರು ಬಂದದ್ದು ತಡ್ಕೊಳ್ಳೋಕಾಗ್ತಿಲ್ಲ."

ಅಂಗಡಿಯಲ್ಲಿದ್ದ ಗಂಡಸರೆಲ್ಲ ಅಜ್ಜಿಯ ಕಡೆ ನೋಡಿದರು. ಬೆಂಚಿನ ಮೇಲಿದ್ದವನೊಬ್ಬ 'ಅಯ್ಯೋ ಪಾಪ' ಎಂದ. ಕ್ಷೌರದಂಗಡಿಯವನು ಕೈಮುಗಿದು, "ದೊಡ್ಡ ಮನಸ್ಸು ಅಜ್ಜಿ ನಿಮ್ದು. ಇಂಥ ಅತ್ತೆ ಸಿಗೋಕೆ ಪುಣ್ಯ ಮಾಡಿರ್ಬೇಕು," ಎಂದು ಮತ್ತೆ ಕತ್ತಿ ಎತ್ತಿಕೊಂಡ. ಅಜ್ಜಿ ಮಗನ ಮುಖ ನೋಡಿದಳು. ಅವನು ಅವಳ ಊರುಗೋಲನ್ನು ಎತ್ತಿ ಕೈಗೆ ಕೊಟ್ಟು, "ನಡಿಯಮ್ಮ, ಮನೆಗೆ ಬಿಟ್ಟು ಹೋಗ್ತೀನಿ," ಎಂದ.

ಮನೆಯಲ್ಲಿ ಸೊಸೆ ಅಂಗಡಿಗೆ ಹೊರಟು ನಿಂತಿದ್ದಳು. ಅಜ್ಜಿ ಒಳಗೆ ಬಂದು ಮಂಚದ ಮೇಲೆ ಕುಸಿದು, "ಹೇಳಿ ಬಂದೆ ಕಣೆ. ಯಾರೂ ನಂಬ್ಲಿಲ್ಲ," ಎಂದಳು. ಸೊಸೆ ಬಾಗಿಲ ಬಳಿಯಿದ್ದ ಗಂಡನನ್ನೂ ಅಜ್ಜಿಯನ್ನೂ ಒಮ್ಮೆ ನೋಡಿದಳು. "ಹಾಲು ಕಾಯಿಸಿಟ್ಟಿದ್ದೀನಿ, ಕುಡೀರಿ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಆಮೇಲೆ ಅವಳು ತೋಟದ ಕಡೆ ಕಾಲಿಡಲಿಲ್ಲ. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಚಹಾ ಚರಟವನ್ನು ಕಸದ ಬುಟ್ಟಿಗೇ ಹಾಕುತ್ತಿದ್ದಳು.

ಆ ಬೀದಿಯಲ್ಲಿ ಯಾರ ಮನೆಗಾದರೂ ಹೊಸ ಸೊಸೆ ಬಂದರೆ, ಅತ್ತೆ ಎಂದರೆ ಹೀಗಿರಬೇಕು ಎಂದು ಹಿರಿಯರು ಇವತ್ತಿಗೂ ಇಸ್ತ್ರಿ ಅಜ್ಜಿಯನ್ನೇ ತೋರಿಸುತ್ತಾರೆ.